ಎಂಜಿನ್ ನೀರು ಕುಡಿಯತಕ್ಕದ್ದಲ್ಲ

ವಾಹನ ಮತ್ತು ದ್ರವಪದಾರ್ಥ ನಿಯಂತ್ರಣ ಶಾಖೆ
ಉಪನಿರ್ದೇಶಕರ ಕಚೇರಿ, ಹಳೆಯ ಕಟ್ಟಡ, ಮೆಟ್ಟಿಲ ಕೆಳಗಿನ ಕೋಣೆ

ಕ್ರಮಾಂಕ: ವಾದ್ರನಿ/ಗಾಡಿ-7/ನೀರು/ಕಾಣೆ/ಮರು-3

ಸುತ್ತೋಲೆ

ವಿಷಯ: ಶಾಖೆಯ ಏಳನೇ ನಂಬರಿನ ಹಳೆಯ ಡೀಸೆಲ್ ಕಾರಿನಲ್ಲಿ ಕೂಲೆಂಟ್ ಪದೇ ಪದೇ ಕಡಿಮೆಯಾಗುತ್ತಿರುವ ಬಗ್ಗೆ, ಹೆಡ್ ಗ್ಯಾಸ್ಕೆಟ್ ಸುಟ್ಟಿದೆಯೆಂಬ ವದಂತಿಯನ್ನು ತಡೆಗಟ್ಟುವ ಬಗ್ಗೆ, ಹಾಗೂ ಸದರಿ ಕಾರಿನ ಚಾಲಕರನ್ನು ಕೆಲಸದಿಂದ ತೆಗೆಯುವ ಬಗ್ಗೆ.

ಉಲ್ಲೇಖ: 1. ಚಾಲಕರು ಬಾಯಿಮಾತಿನಲ್ಲಿ, ಅದೂ ಕಾರಿಡಾರಿನಲ್ಲಿ ನಿಂತು, ಸಲ್ಲಿಸಿದ ದೂರು.
2. ಇದೇ ವಿಷಯದ ಹಿಂದಿನ ಎರಡು ಸುತ್ತೋಲೆಗಳು (ಯಾರೂ ಓದಿಲ್ಲವೆಂದು ತಿಳಿದುಬಂದಿದೆ).
3. ಈ ಕಚೇರಿಯ ಸ್ವಂತ ಅನುಮಾನ.

ಶಾಖೆಯ ಎಲ್ಲ ಚಾಲಕರು, ಗ್ಯಾರೇಜಿನ ಸಿಬ್ಬಂದಿ, ಹಾಗೂ ಯಾವುದೇ ಗಾಡಿಯ ಬಾನೆಟ್ ಎತ್ತಿದ ಕೂಡಲೇ ಸುತ್ತ ಬಂದು ನಿಂತು ಕೈಕಟ್ಟಿಕೊಂಡು ಸಲಹೆ ಕೊಡುವ ಅಭ್ಯಾಸವಿರುವ ಇತರ ನೌಕರರ ಗಮನಕ್ಕೆ ಈ ಕೆಳಗಿನ ಸಂಗತಿಗಳನ್ನು ತರಲಾಗುತ್ತಿದೆ.

ಏಳನೇ ನಂಬರಿನ ಕಾರು ಹಳೆಯದು. ಅದರ ಎಂಜಿನ್ ತಂಪಾಗಿರಲೆಂದು ಕೂಲೆಂಟ್ ಎಂಬ ಹಸಿರು ದ್ರವವನ್ನು ಬಾನೆಟ್ಟಿನ ಕೆಳಗಿನ ಪ್ಲಾಸ್ಟಿಕ್ ಡಬ್ಬಿಗೆ ತುಂಬಲಾಗುತ್ತದೆ. ತುಂಬಿದ ದ್ರವ ಕೆಲವು ಕಾಲದಿಂದ ಕಾಣೆಯಾಗುತ್ತಿದೆ. ಸದರಿ ಕಾರಿನ ಚಾಲಕರು, ಶೆಡ್ಡಿನಲ್ಲಿ ಎಲ್ಲರಿಂದಲೂ 'ಮಾವ' ಎಂದು ಕರೆಸಿಕೊಳ್ಳುವವರು, ಇದನ್ನು ತಾವಾಗಿಯೇ ಬಂದು ಈ ಕಚೇರಿಗೆ ತಿಳಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ. ಯಾರೂ ಏನೂ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡವರನ್ನು ಈ ಕಚೇರಿ ಕಂಡದ್ದು ಇದೇ ಮೊದಲು. ಅಂದಿನಿಂದ ಅನುಮಾನವನ್ನು ಅವರ ಹೆಸರಿನಲ್ಲಿಯೇ ಇಡಲಾಗಿದೆ.

ಕಳವು ಸಾಬೀತಾದಲ್ಲಿ ಚಾಲಕರನ್ನು ವಜಾ ಮಾಡುವುದೆಂದೂ, ಶೆಡ್ಡಿನ ಹಿಂದಿರುವ ಎರಡು ಕೋಣೆಯ ವಸತಿಯನ್ನು ಅವರಿಂದ ಖಾಲಿ ಮಾಡಿಸುವುದೆಂದೂ ಮೊದಲೇ ತೀರ್ಮಾನಿಸಲಾಗಿತ್ತು. ಸಾಬೀತು ಮಾಡುವುದೊಂದು ಬಾಕಿ ಇತ್ತು. ಆ ಸಲುವಾಗಿ ಕೈಗೊಂಡ ಕ್ರಮಗಳು, ಅವುಗಳಿಂದ ಹುಟ್ಟಿದ ನಿಯಮಗಳು, ಮತ್ತು ಹೊರಬಿದ್ದ ಫಲಿತಾಂಶ ಹೀಗಿವೆ.

1. ದ್ರವವೊಂದು ಡಬ್ಬಿಯಿಂದ ಹೋಗಲು ಮೂರು ದಾರಿಗಳನ್ನು ಮಾತ್ರ ಈ ಶಾಖೆ ಮಾನ್ಯ ಮಾಡಿದೆ: ಕೆಳಕ್ಕೆ ಸೋರುವುದು, ಮೇಲಕ್ಕೆ ಆವಿಯಾಗುವುದು, ಪಕ್ಕಕ್ಕೆ ಕಳುವಾಗುವುದು. ಆವಿಯಾಗಲು ಮುಂಚಿತ ಅನುಮತಿ ಬೇಕು. ಏಳನೇ ಗಾಡಿ ಅಂಥ ಅನುಮತಿಯನ್ನು ಕೇಳಿಲ್ಲ. 'ಒಳಕ್ಕೆ ಹೋಗುವುದು' ಎಂಬ ನಾಲ್ಕನೆಯ ದಾರಿಯನ್ನು ಚಾಲಕರು ಸೂಚಿಸಿದ್ದಾರೆ. ಅವರದೇ ಮಾತಿನಲ್ಲಿ: "ಸಾರ್, ಎಲ್ಲೂ ಸೋರ್ತಿಲ್ಲ. ಗಾಡೀನೇ ಕುಡೀತಿದೆ ಅನ್ಸುತ್ತೆ." ಎಂಜಿನ್ ಕುಡಿಯಬೇಕಾದದ್ದು ಡೀಸೆಲ್. ನೀರು ಕುಡಿಯುವ ಅಧಿಕಾರವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ. ಎತ್ತು ಈಯಿತು ಎಂದ ಕೂಡಲೇ ಕರುವನ್ನು ಕೊಟ್ಟಿಗೆಗೆ ಕಟ್ಟುವ ಕಚೇರಿ ಇದಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

2. ಸೋರಿಕೆ ಇದೆಯೇ ಎಂದು ತಿಳಿಯಲು, ಗಾಡಿ ನಿಂತ ಕಡೆ ಅದರ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ ಬೆಳಗ್ಗೆ ಒದ್ದೆ ಕಲೆ ನೋಡತಕ್ಕದ್ದೆಂದು ಆದೇಶಿಸಲಾಗಿತ್ತು. ಮೊದಲ ಸಲ ಹಾಸಿದಾಗ ಕಾವಲುಗಾರರು ಗಾಡಿಯ ಅಡಿಗೆ ನುಸುಳಿ, ಟಾರ್ಚ್ ಹಿಡಿದು ಪದಬಂಧ ತುಂಬಿಸಿದ್ದು ಕಂಡುಬಂದಿದೆ. ಅಡ್ಡಸಾಲುಗಳಲ್ಲಿ ಎರಡು ತಪ್ಪು. ಎರಡನೇ ಸಲ ವಾಣಿಜ್ಯ ಪುಟವನ್ನು ಹಾಸಲಾಯಿತು. ಅದನ್ನು ಯಾರೂ ಮುಟ್ಟಲಿಲ್ಲ. ಕಾಗದ ಬೆಳಗಿನವರೆಗೂ ಒಣಗಿಯೇ ಇತ್ತು. ಬೆಕ್ಕಿನ ಹೆಜ್ಜೆ ಗುರುತುಗಳಿದ್ದವು; ಅವೂ ಒಣಗಿದ್ದವು. ಬೆಕ್ಕನ್ನು ಎಚ್ಚರಿಕೆ ಕೊಟ್ಟು ಬಿಡಲಾಗಿದೆ. ನೀರು ಕೆಳಕ್ಕೆ ಹೋಗಿಲ್ಲವೆಂದು ಇದರಿಂದ ಖಚಿತವಾಗಿದ್ದು, ಚಾಲಕರ ಮೇಲಿನ ಅನುಮಾನ ಬಲಗೊಂಡಿದೆ.

3. ಸೋರಿಕೆಯೆಂದು ಮೊದಮೊದಲು ತಾವೂ ನಂಬಿದ್ದ ಚಾಲಕರು, ಪೆಟ್ರೋಲ್ ಬಂಕಿನಲ್ಲಿ ಯಾರೋ ಹೇಳಿದ ಮಾತು ಕೇಳಿ, ರೇಡಿಯೇಟರಿಗೆ ಮೊಟ್ಟೆಯ ಬಿಳಿ ಸುರಿದದ್ದನ್ನು ಒಪ್ಪಿಕೊಂಡಿದ್ದಾರೆ. ಬಿಸಿಗೆ ಅದು ಗಟ್ಟಿಯಾಗಿ ತೂತು ಮುಚ್ಚುತ್ತದೆಂಬುದು ಅವರ ಅಂಬೋಣ. ತೂತು ಇದ್ದಿದ್ದರೆ ಮುಚ್ಚುತ್ತಿತ್ತೇನೋ. ಇಲ್ಲದ್ದರಿಂದ, ಮುಚ್ಚಬಾರದ ಸಣ್ಣ ನಾಳಗಳನ್ನು ಮುಚ್ಚಿತು. ಬುದ್ಧಿ ಎಂಬುದು ಪೆಟ್ರೋಲ್ ಬಂಕಿನಲ್ಲಿ ತುಂಬಿಸಿಕೊಳ್ಳುವ ವಸ್ತುವಲ್ಲ. ಮೊಟ್ಟೆಯ ಹಳದಿ ಭಾಗವನ್ನು ಏನು ಮಾಡಿದಿರೆಂದು ವಿವರಣೆ ಕೇಳಲಾಗಿ, "ತಿಂದೆ ಸಾರ್" ಎಂದು ಉತ್ತರಿಸಿದ್ದಾರೆ. ಇನ್ನು ಮುಂದೆ ಗಾಡಿಗೆ ಮೊಟ್ಟೆ ಹಾಕುವವರು ಇಡಿಯಾಗಿ ಹಾಕತಕ್ಕದ್ದು, ಇಲ್ಲವೇ ಹಳದಿಯನ್ನು ಉಗ್ರಾಣಕ್ಕೆ ಒಪ್ಪಿಸತಕ್ಕದ್ದು.

4. ಗ್ಯಾರೇಜಿನ ಮೇಸ್ತ್ರಿಗಳ ಬಗ್ಗೆ ("ಬದಲಾಯಿಸೋಣ ಸಾರ್" ಎಂಬುದು ಇವರ ಮಾತೂ ಹೌದು, ಶೆಡ್ಡಿನಲ್ಲಿ ಇವರ ಅಡ್ಡಹೆಸರೂ ಹೌದು). ಇವರು ಮೊದಲು ರೇಡಿಯೇಟರನ್ನು ಬದಲಾಯಿಸಿದರು. ನೀರು ಹೋಯಿತು. ವಾಟರ್ ಪಂಪ್ ಬದಲಾಯಿಸಿದರು. ಹೋಯಿತು. ಥರ್ಮೋಸ್ಟಾಟ್, ಆಮೇಲೆ ಡಬ್ಬಿಯ ಮುಚ್ಚಳ, ಆಮೇಲೆ ಕಾರಣವೇ ಹೇಳದೆ ಒಂದು ಹಾರ್ನ್. ಜ್ವರ ಬಂದವನಿಗೆ ಅಂಗಿ ಬದಲಾಯಿಸಿ, ಇಳಿಯದಿದ್ದರೆ ಚಪ್ಪಲಿ ಬದಲಾಯಿಸುವ ವೈದ್ಯರನ್ನು ಈ ಕಚೇರಿ ಬೇರೆಲ್ಲೂ ಕಂಡಿಲ್ಲ. ಎಲ್ಲವೂ ಮುಗಿದ ಮೇಲೆ, ಮೊದಲೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಮಾಡಿದರು: ತಣ್ಣಗಿನ ಎಂಜಿನ್ನಿನ ಡಬ್ಬಿಗೆ ಕೈಪಂಪು ಕೂರಿಸಿ ಗಾಳಿ ಒತ್ತಿದರು. ಒತ್ತಡ ತೋರಿಸುವ ಪಂಪಿನ ಮುಳ್ಳು ಮೆಲ್ಲಗೆ ಇಳಿಯಿತು, ಹೊರಗೆಲ್ಲೂ ಒಂದು ಹನಿಯೂ ಕಾಣಲಿಲ್ಲ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಈ ಮೇಸ್ತ್ರಿಗಳು ಆಗ ಹೇಳಿದ್ದು: "ಒಳಗೇ ಎಲ್ಲೋ ಹೋಗ್ತಿದೆ ಸಾರ್. ಎಂಜಿನ್ ಮೇಲಿನ ಹೆಡ್ ಬಿಚ್ಚಿ ನೋಡ್ಬೇಕು, ಅದರ ಕೆಳಗಿನ ಗ್ಯಾಸ್ಕೆಟ್ ಪಟ್ಟಿ ಹೋಗಿರಬಹುದು." ಬಿಚ್ಚಿ ನೋಡಿದರೆ ಏನಾದರೂ ಕಂಡುಬಿಡುವ ಅಪಾಯವಿದೆ. ಕಂಡರೆ ರಿಪೇರಿ ಮಾಡಿಸಬೇಕಾಗುತ್ತದೆ. ಆದ್ದರಿಂದ ಅನುಮತಿ ನಿರಾಕರಿಸಲಾಗಿದೆ.

5. ಎಂಜಿನ್ ಚಾಲೂ ಮಾಡಿ ಡಬ್ಬಿಯೊಳಗೆ ಇಣುಕಿ ನೋಡಲಾಗಿ, ದ್ರವದಲ್ಲಿ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದವು. ಎಂಜಿನ್ ಇನ್ನೂ ತಣ್ಣಗಿದ್ದುದರಿಂದ ಇದನ್ನು ಕುದಿತವೆನ್ನುವಂತಿರಲಿಲ್ಲ. ನೀರಿನಲ್ಲಿ ಗುಳ್ಳೆ ಬಿಡುವುದು ಉಸಿರಾಡುವ ಪ್ರಾಣಿ. ಆದ್ದರಿಂದ ಡಬ್ಬಿಯಲ್ಲಿ ಮೀನು ಇರುವ ಸಾಧ್ಯತೆಯನ್ನು ಪರಿಶೀಲಿಸಿ ಗಾಳ ಹಾಕಲಾಯಿತು. ಮೀನು ಸಿಗಲಿಲ್ಲ. ಸಿಲಿಂಡರಿನ ಹೊಗೆಯೇ ಸುಟ್ಟ ಗ್ಯಾಸ್ಕೆಟ್ ದಾಟಿ ನೀರಿಗೆ ನುಗ್ಗುತ್ತಿದೆಯೆಂದು ಮೇಸ್ತ್ರಿಗಳು ವಾದಿಸಿದರಾದರೂ, ಇದೇ ಬಾಯಿ ರೇಡಿಯೇಟರ್ ಎಂದೂ ಪಂಪ್ ಎಂದೂ ಹೇಳಿತ್ತೆಂಬುದನ್ನು ಮರೆಯಲಾಗಿಲ್ಲ. ಡಬ್ಬಿಯ ಒಳಗೋಡೆಗೆ ಮಸಿಯೂ ಹತ್ತಿತ್ತು. ಇದು ಚಾಲಕರ ಬೆರಳಿನ ಕೊಳೆಯೆಂದು ಭಾವಿಸಲಾಗಿದೆ. ಇನ್ನು ಮುಂದೆ ಕಚೇರಿಯ ವೇಳೆಯಲ್ಲಿ ಯಾವ ಡಬ್ಬಿಯೂ ಗುಳ್ಳೆ ಬಿಡತಕ್ಕದ್ದಲ್ಲ.

6. ಬೆಳಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಏಳನೇ ಗಾಡಿಯ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬಂದು ಶೆಡ್ಡು ತುಂಬುತ್ತಿದೆ. ಡೀಸೆಲ್ ಗಾಡಿಗಳಿಗೆ ಈ ಶಾಖೆ ಮಂಜೂರು ಮಾಡಿರುವುದು ಕಪ್ಪು ಹೊಗೆ. ಬಿಳಿ ಹೊಗೆ ಬಿಡುವ ಗಾಡಿ ಉಳಿದ ಗಾಡಿಗಳಿಗಿಂತ ತಾನು ಸಭ್ಯಸ್ಥನೆಂದು ತಿಳಿಯತಕ್ಕದ್ದಲ್ಲ. ಹೊಗೆಗೆ ಸಿಹಿ ವಾಸನೆ ಇದೆಯೆಂಬ ದೂರಿನ ಮೇರೆಗೆ ವಾಸನಾ ಸಮಿತಿಯನ್ನು ರಚಿಸಿ ಸೈಲೆನ್ಸರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂರಿಸಲಾಯಿತು. ಕಿರಿಯ ಸದಸ್ಯರಿಬ್ಬರು ಕೂಲೆಂಟಿನ ವಾಸನೆ ಎಂದರು. ನೆಗಡಿಯಾಗಿದ್ದ ಹಿರಿಯ ಸದಸ್ಯರು ಯಾವ ವಾಸನೆಯೂ ಇಲ್ಲವೆಂದರು. ಸೇವಾ ಹಿರಿತನವನ್ನು ಪರಿಗಣಿಸಿ ಹಿರಿಯರ ವರದಿಯನ್ನು ಅಂಗೀಕರಿಸಲಾಗಿದೆ.

7. ರಾತ್ರಿಯೆಲ್ಲ ತಣ್ಣಗಿದ್ದ ಗಾಡಿಯ ನೀರಿನ ಹೋಸ್ ಪೈಪುಗಳು ಬೆಳಗ್ಗೆ, ಒಳಗೆ ಗಾಳಿ ತುಂಬಿದಂತೆ, ಕೈಗೆ ಕಲ್ಲಿನಷ್ಟು ಗಟ್ಟಿಯಾಗಿರುತ್ತವೆ. ಇದನ್ನು ಉದ್ಧಟತನವೆಂದು ಪರಿಗಣಿಸಲಾಗಿದೆ.

8. ಮೇಸ್ತ್ರಿಗಳು ಎಲ್ಲಿಂದಲೋ ಒಂದು ಗಾಜಿನ ಕೊಳವೆ ಮತ್ತು ಅದರೊಳಗೆ ನೀಲಿ ದ್ರವವನ್ನು ತಂದು, ಡಬ್ಬಿಯ ಬಾಯಿಗೆ ಇಟ್ಟು, "ಎಂಜಿನ್ ಹೊಗೆ ಬರ್ತಿದ್ರೆ ಇದು ಹಳದಿ ಆಗುತ್ತೆ, ನೋಡ್ತಾ ಇರಿ" ಎಂದರು. ಎಲ್ಲರೂ ನೋಡುತ್ತಿದ್ದಂತೆಯೇ ಅದು ಹಳದಿಯಾಯಿತು. ಸದರಿ ದ್ರವ ಈ ಶಾಖೆಯ ನೌಕರನಲ್ಲ. ಹೊರಗಿನವರ ಅಭಿಪ್ರಾಯವನ್ನು ಟೆಂಡರ್ ಕರೆಯದೆ ಪಡೆಯುವಂತಿಲ್ಲ. ಮೇಲಾಗಿ, ವಿಚಾರಣೆಯ ನಡುವೆ ಬಣ್ಣ ಬದಲಾಯಿಸುವ ಸಾಕ್ಷಿಯನ್ನು ಯಾವ ಕಚೇರಿಯೂ ನಂಬುವುದಿಲ್ಲ.

9. ಎಂಜಿನ್ ಆಯಿಲ್ ತುಂಬುವ ಮುಚ್ಚಳದ ಒಳಭಾಗದಲ್ಲಿ ಹಾಲು ಬೆರೆಸಿದ ಚಹಾದ ಬಣ್ಣದ ನೊರೆ ಅಂಟಿಕೊಂಡಿರುವುದು ಪತ್ತೆಯಾಗಿದೆ. ಆಯಿಲಿಗೆ ನೀರು ಸೇರಿದರೆ ಹೀಗಾಗುತ್ತದೆಂಬ ಪಿಸುಮಾತು ಕೇಳಿಬಂದಿದೆ. ಈ ಕಚೇರಿ ಹಾಗೆ ತಿಳಿಯುವುದಿಲ್ಲ. ಚಹಾದ ಬಣ್ಣದ್ದು ಚಹಾ. ಚಾಲಕರು ಬಾನೆಟ್ಟಿನ ಮೇಲೆ ಲೋಟವಿಟ್ಟು ಚಹಾ ಕುಡಿಯುವುದನ್ನು ಈ ಕಚೇರಿಯ ಕಿಟಕಿಯಿಂದ ಹಲವು ಸಲ ನೋಡಲಾಗಿದೆ. ಆದ್ದರಿಂದ ಶೆಡ್ಡಿನ ಆವರಣದಲ್ಲಿ ಚಹಾವನ್ನು ನಿಷೇಧಿಸಲಾಗಿದೆ. ತೀರಾ ಅಗತ್ಯವಿದ್ದವರು ಹಾಲಿಲ್ಲದ್ದನ್ನು ಕುಡಿಯಬಹುದು, ಎಂಜಿನ್ನಿಗೆ ಬೆನ್ನು ಮಾಡಿ.

10. ಈ ಕಚೇರಿಯಲ್ಲಿ ಹಸಿರು ಶಾಯಿಯನ್ನು ಬಳಸುವ ಹಕ್ಕು ಉಪನಿರ್ದೇಶಕರು ಮತ್ತು ಮೇಲ್ಪಟ್ಟವರಿಗೆ ಮಾತ್ರ ಇದೆ. ಹೀಗಿರುವಾಗ ಚಾಲಕರು ಹಸಿರು ಬಣ್ಣದ ದ್ರವವನ್ನು ಕ್ಯಾನುಗಟ್ಟಲೆ ಹಿಡಿದು ಓಡಾಡುವುದು ಪದವಿಗೆ ಮೀರಿದ ನಡತೆ. ಇನ್ನು ಮುಂದೆ ಎಲ್ಲ ಗಾಡಿಗಳಿಗೂ ಬಣ್ಣವಿಲ್ಲದ ನಲ್ಲಿ ನೀರನ್ನೇ ಹಾಕತಕ್ಕದ್ದು. ಇದರಿಂದ ಎಂಜಿನ್ನಿನೊಳಗೆ ತುಕ್ಕು ಹಿಡಿಯುತ್ತದೆಂದು ತಿಳಿಸಿದವರಿಗೆ, ತುಕ್ಕಿನ ಬಣ್ಣ ಹಸಿರಲ್ಲವಾದ್ದರಿಂದ ಆಕ್ಷೇಪಣೆ ಇಲ್ಲವೆಂದು ತಿಳಿಸಲಾಗಿದೆ.

11. ಇಷ್ಟರಲ್ಲಿ ಶೆಡ್ಡಿನ ಯಾರೋ ಚಾಲಕರ ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ 'ನೀರ್ಗಳ್ಳ' ಎಂದು ಬರೆದರು. ಈ ಕಚೇರಿ ಹಾಗೆ ಬರೆಯಲು ಹೇಳಿಲ್ಲ, ಅಳಿಸಲೂ ಹೇಳಿಲ್ಲ. ನಿನ್ನೆಯವರೆಗೆ ಮಾವ ಎನ್ನುತ್ತಿದ್ದವರು ಅವರನ್ನು ಕರೆಯುವುದನ್ನೇ ಬಿಟ್ಟರೆಂದು ತಿಳಿದುಬಂದಿದೆ. ಇದಾದ ಮೇಲೆ ಚಾಲಕರ ಹೆಂಡತಿ ಮುಂಚಿತ ಅನುಮತಿ ಇಲ್ಲದೆ ಈ ಕೋಣೆಯ ಬಾಗಿಲಿಗೆ ಬಂದು, ಕೂರಲು ಹೇಳಿದರೂ ಕೂರದೆ, ಈ ಕೆಳಗಿನಂತೆ ಹೇಳಿಕೆ ನೀಡಿದ್ದಾರೆ: "ಆ ಹಸಿರು ನೀರು ಕುಡಿಯೋಕೆ ಬರಲ್ಲ, ಬಟ್ಟೆ ಒಗೆಯೋಕೆ ಬರಲ್ಲ, ಗಿಡಕ್ಕೆ ಹಾಕಿದ್ರೆ ಗಿಡ ಸಾಯುತ್ತೆ. ಅಂಥಾದ್ದನ್ನ ಕದಿಯೋಕೆ ನಮ್ಮೆಜಮಾನ್ರಿಗೇನು ಹುಚ್ಚು ಹಿಡಿದಿದ್ಯಾ ಸಾರ್? ಊಟಕ್ಕೆ ಕೂತ್ರೆ ಕೈ ತಟ್ಟೆಯಲ್ಲೇ ಇರುತ್ತೆ, ಬಾಯಿಗೆ ಹೋಗಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಮ್ದು ನೀರಿಗೆ ಹೋಯ್ತು. ಮನೆ ಬೇಕಾದ್ರೆ ತಗೊಳ್ಳಿ, ಆ ಬರೆದಿರೋದನ್ನ ಮಾತ್ರ ಅಳಿಸಿ." ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. ಕದ್ದ ವಸ್ತು ಉಪಯೋಗಕ್ಕೆ ಬಾರದಿರುವುದು ಕಳವಿಗೆ ಅಡ್ಡಿಯಲ್ಲ. ಈ ಶಾಖೆಯ ಉಗ್ರಾಣದಿಂದ ಹಿಂದೆ ಕಳುವಾದ ವಸ್ತುಗಳೆಲ್ಲ ಅಂಥವೇ.

12. ವಾದಕ್ಕೆ ಕೊನೆಯಿಲ್ಲವೆಂದು ಮನಗಂಡು, ಕಳವನ್ನು ಕಣ್ಣೆದುರೇ ಸಾಬೀತುಪಡಿಸಲು ಡಬ್ಬಿಯ ಮುಚ್ಚಳಕ್ಕೆ ಮುದ್ರೆ ಹಾಕಲು ನಿರ್ಧರಿಸಲಾಯಿತು. ಡಬ್ಬಿಯನ್ನು ಗುರುತಿನವರೆಗೆ ತುಂಬಿ ಅರಗಿನ ಮುದ್ರೆ ಒತ್ತಲಾಯಿತು. ಎಂಜಿನ್ ಬಿಸಿಯಾದಾಗ ಅರಗು ಕರಗಿ ಬೆಲ್ಟಿನ ಮೇಲೆ ಇಳಿದು ಗಾಡಿ ಒಂದು ಬಗೆಯಾಗಿ ಕಿರುಚಿತು. ಆಮೇಲೆ ಮುಚ್ಚಳದ ಸುತ್ತ ತಂತಿ ಬಿಗಿದು, ಗಂಟಿಗೆ ಸೀಸದ ಬಿಲ್ಲೆ ಹಾಕಿ, ಇಕ್ಕಳದಿಂದ ಶಾಖೆಯ ಗುರುತು ಒತ್ತಲಾಯಿತು. ಡಬ್ಬಿಯನ್ನು ಯಾರೂ ಆಸೆಗಣ್ಣಿನಿಂದ ನೋಡದಂತೆ ಅದಕ್ಕೆ ಬಿಳಿ ಬಟ್ಟೆಯನ್ನೂ ಸುತ್ತಲಾಯಿತು. ಇಕ್ಕಳ ಒಂದೇ ಇದ್ದು, ಅದನ್ನು ಕೆಳಗೆ ಸಹಿ ಮಾಡಿರುವ ಅಧಿಕಾರಿಯವರು ದಾರದಲ್ಲಿ ಕೊರಳಿಗೆ ಹಾಕಿಕೊಂಡು ಸ್ನಾನದ ಮನೆಗೂ ಒಯ್ದರು. ಈಗ ನೀರು ಹೋಗದಿದ್ದರೆ ಇಷ್ಟು ದಿನ ಕದ್ದವರು ಚಾಲಕರೇ ಎಂದಾಯಿತು. ಈ ಬಗ್ಗೆ ಎಳ್ಳಷ್ಟೂ ಸಂದೇಹವಿಲ್ಲದ್ದರಿಂದ ವಜಾ ಆದೇಶವನ್ನು ಮೊದಲೇ ಟೈಪ್ ಮಾಡಿಸಿ ಇಟ್ಟುಕೊಳ್ಳಲಾಯಿತು.

13. ಸದರಿ ಆದೇಶಕ್ಕೆ ನಿರ್ದೇಶಕರ ಸಹಿ ಬೇಕಿತ್ತು. ನಿರ್ದೇಶಕರು ಕೂರುವುದು ಗುಡ್ಡದಾಚೆಯ ಕೇಂದ್ರ ಕಚೇರಿಯಲ್ಲಿ. ಅಂದು ಶೆಡ್ಡಿನಲ್ಲಿ ಉಳಿದಿದ್ದ ಗಾಡಿ ಏಳನೆಯ ನಂಬರಿನದೇ, ಓಡಿಸಲು ಇದ್ದವರು ಸದರಿ ಚಾಲಕರೇ. ಆದೇಶವನ್ನು ಹೊರಡುವ ಮೊದಲು ಅವರಿಗೆ ನಿಯಮಾನುಸಾರ ಓದಿ ಹೇಳಲಾಯಿತು. ಅವರು ಕೇಳಿಸಿಕೊಂಡು, ಹಿಂದಿನ ಬಾಗಿಲನ್ನು ತೆರೆದು ಹಿಡಿದರು.

ಗುಡ್ಡದ ಏರಿನಲ್ಲಿ ಚಾಲಕರು ಮೂರು ಸಲ ಮಾತನಾಡಿದ್ದಾರೆ. ಮೊದಲು: "ಸಾರ್, ಹೀಟರ್ ಹಾಕಿದ್ರೆ ತಣ್ಣನೆ ಗಾಳಿ ಬರ್ತಿದೆ. ನೀರು ಇಳಿದಿದೆ." ಆಮೇಲೆ: "ಸಾರ್, ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಯ್ತು. ನಿಲ್ಲಿಸ್ತೀನಿ." ನಿಲ್ಲಿಸಕೂಡದೆಂದು ಸೂಚಿಸಲಾಯಿತು. ಮುದ್ರೆ ಭದ್ರವಾಗಿರುವಾಗ ನೀರು ಒಳಗೇ ಇರಲೇಬೇಕು. ಮುಳ್ಳು ಸರ್ಕಾರಿ ನೌಕರನಲ್ಲ. ಕೊನೆಗೆ: "ಸಾರ್, ನನ್ನ ಕೆಲಸ ಹೋಗ್ಲಿ. ಪಕ್ಕಕ್ಕೆ ಹಾಕಿ ಆರೋಕೆ ಬಿಡೋಣ, ಆಮೇಲೆ ಆ ತಂತಿ ಕತ್ತರಿಸಿ. ಡಿಕ್ಕೀಲಿ ಒಂದು ಕ್ಯಾನ್ ನೀರಿದೆ. ಎಂಜಿನ್ ಉಳಿಯುತ್ತೆ." ಮುದ್ರೆ ಒಡೆಯಲು ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳು ಬೇಕು. ದಾರಿಯಲ್ಲಿ ಕಂಡದ್ದು ಒಂದು ಕುರಿಮಂದೆ ಮತ್ತು ಅದರ ಹಿಂದೆ ಒಬ್ಬರೇ ಒಬ್ಬರು. ಕೋರಂ ಇರಲಿಲ್ಲ.

ಏರಿನ ತುದಿ ಕಾಣುವಷ್ಟರಲ್ಲಿ ಎಂಜಿನ್ ಒಂದು ಸಲ ಕೊಸರಿ ನಿಂತಿತು. ಮತ್ತೆ ತಿರುಗಲಿಲ್ಲ. ಆರಿದ ಮೇಲೆ ಬಿಳಿ ಬಟ್ಟೆ ಬಿಚ್ಚಿ ನೋಡಲಾಗಿ, ಬಟ್ಟೆ ಒಣಗಿತ್ತು, ಮುದ್ರೆ ಭದ್ರವಾಗಿತ್ತು, ಡಬ್ಬಿ ಖಾಲಿಯಾಗಿತ್ತು.

ಹಿಂದಿರುಗುವಾಗ ಅಧಿಕಾರಿಯವರ ಬೂಟು ಕಚ್ಚಿದ್ದರಿಂದ ಅವರ ಚೀಲವನ್ನು ಚಾಲಕರು ಹೆಗಲಿಗೆ ಹಾಕಿಕೊಂಡು ಶಾಖೆಯವರೆಗೂ ನಡೆದರು. ಚೀಲದಲ್ಲಿ ತಮ್ಮ ವಜಾ ಆದೇಶವಿದೆಯೆಂಬುದು ಅವರಿಗೆ ಗೊತ್ತಿತ್ತು. ದಾರಿಯಲ್ಲಿ ಸೇತುವೆಯೂ ಇತ್ತು, ಕೆಳಗೆ ನೀರೂ ಇತ್ತು. ಆದರೂ ಚೀಲವನ್ನು ಅವರು ಹೆಗಲಿನಿಂದ ಇಳಿಸಲಿಲ್ಲ. ಇದು ಈ ಕಚೇರಿಗೆ ಅರ್ಥವಾಗಿಲ್ಲ. ಅರ್ಥವಾಗದಿರುವುದರಿಂದ ಈ ಕಚೇರಿಗೆ ಅಂದು ನಿದ್ದೆ ಬಂದಿಲ್ಲ ಎಂಬುದನ್ನೂ ಇಲ್ಲಿ ನಮೂದಿಸಲಾಗಿದೆ.

14. ಸತ್ತ ಎಂಜಿನ್ನಿನ ಹೆಡ್ಡನ್ನು, ಇನ್ನು ಅನುಮತಿ ಬೇಡವೆಂದು, ಮೇಸ್ತ್ರಿಗಳು ಬಿಚ್ಚಿ ತಂದು ಈ ಕಚೇರಿಯ ಮೇಜಿನ ಮೇಲೆ ಇಟ್ಟಿದ್ದಾರೆ. ಮೇಜಿನ ಗಾಜು ಒಡೆದಿದೆ. ಮೂರನೆಯ ಸಿಲಿಂಡರಿಗೂ ನೀರಿನ ದಾರಿಗೂ ನಡುವೆ ಗ್ಯಾಸ್ಕೆಟ್ ಸುಟ್ಟು ಸವೆದುಹೋಗಿದೆ. ಎಂಜಿನ್ನಿನೊಳಗೆ ಆ ಜಾಗದ ಪಿಸ್ಟನ್ ಮಾತ್ರ ಹಬೆಯಲ್ಲಿ ತೊಳೆದಂತೆ ಹೊಳೆಯುತ್ತಿದೆ, ಉಳಿದವು ಮಸಿ ಹಿಡಿದಿವೆ. ಸಕಾಲದಲ್ಲಿ ಒಂದು ಗ್ಯಾಸ್ಕೆಟ್ ಬದಲಾಯಿಸಿದ್ದರೆ ಮುಗಿಯುತ್ತಿತ್ತೆಂದು ಮೇಸ್ತ್ರಿಗಳು ತಿಳಿಸಿದ್ದಾರೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದರೆಂದು ಅವರು ಬಾಗಿಲ ಹೊರಗೆ ಅಂದದ್ದೂ ಕೇಳಿಸಿದೆ. ಸದರಿ ಗ್ಯಾಸ್ಕೆಟ್ಟನ್ನು ಪರಿಶೀಲಿಸಲಾಯಿತು. ಅದು ಇಷ್ಟು ಕಾಲ ಎಂಜಿನ್ನಿನ ಒಳಗೆ ಅಡಗಿ ಕುಳಿತಿದ್ದು, ವಿಚಾರಣೆಗೆ ಒಮ್ಮೆಯೂ ಹಾಜರಾಗಿಲ್ಲವಾದ್ದರಿಂದ ಅದನ್ನು ಪುರಾವೆಯಾಗಿ ಪರಿಗಣಿಸಲು ಬರುವುದಿಲ್ಲ.

15. ತೀರ್ಮಾನ. ಮುದ್ರೆ ಒಡೆಯದೆ ನೀರು ಹೋಗಬೇಕಾದರೆ ಎರಡೇ ದಾರಿ. ಒಂದು, ಚಾಲಕರು ಹೇಳುತ್ತ ಬಂದಂತೆ ಎಂಜಿನ್ನೇ ಕುಡಿದಿರಬೇಕು. ಇಲ್ಲವೇ, ಮುದ್ರೆಯ ಇಕ್ಕಳ ಯಾರ ಕೊರಳಿನಲ್ಲಿತ್ತೋ ಅವರು ತೆಗೆದು, ಕದ್ದು, ಮತ್ತೆ ಒತ್ತಿರಬೇಕು. ಮೊದಲನೆಯದನ್ನು ಒಪ್ಪಿದರೆ, ಅಧಿಕಾರಿಯ ಮಾತು ತಪ್ಪು, ಚಾಲಕರ ಮಾತು ಸರಿ ಎಂದಾಗುತ್ತದೆ. ಹಾಗಾಗುವುದಕ್ಕೆ ಈ ಶಾಖೆಯ ನಿಯಮಗಳಲ್ಲಿ ಅವಕಾಶವಿಲ್ಲ, ಹಿಂದೆ ಆದ ಉದಾಹರಣೆಯೂ ಇಲ್ಲ. ಆದ್ದರಿಂದ ಎರಡನೆಯದೇ ಉಳಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ. ಏಳನೇ ಗಾಡಿಯ ಕೂಲೆಂಟನ್ನು ಕೆಳಗೆ ಸಹಿ ಮಾಡಿರುವ ಅಧಿಕಾರಿಯವರೇ ಕದ್ದಿದ್ದಾರೆಂದು, ಸದರಿ ಅಧಿಕಾರಿಯವರಿಂದಲೇ, ಈ ಮೂಲಕ ಘೋಷಿಸಲಾಗಿದೆ.

16. ಕದ್ದ ಮಾಲನ್ನು ಎಲ್ಲಿಟ್ಟಿದ್ದೀರಿ ಎಂದು ಸದರಿ ಅಧಿಕಾರಿಯವರನ್ನು ಅವರಿಂದಲೇ ವಿಚಾರಿಸಲಾಗಿ, ತಮಗೇ ತಿಳಿಯದೆಂದು ಉತ್ತರಿಸಿದ್ದಾರೆ. ಉತ್ತರ ಸಮಾಧಾನಕರವಾಗಿಲ್ಲ. ಅವರ ಮನೆಯನ್ನು ಶೋಧಿಸಲಾಯಿತು. ಆ ವೇಳೆ ಅವರ ಪತ್ನಿಯವರು, "ಇವ್ರು ಒಂದು ಲೋಟ ನೀರು ಎದ್ದು ಹೋಗಿ ತಾವೇ ತಗೊಂಡಿದ್ದು ಮದುವೆ ಆದಾಗಿನಿಂದ ನಾನು ನೋಡಿಲ್ಲ. ಡಬ್ಬಿಗಟ್ಟಲೆ ಎಲ್ಲಿ ಕದೀತಾರೆ? ಆ ಡ್ರೈವರ್ ಹೇಳಿದ್ದು ಸರಿ ಅಂತ ಒಂದು ಮಾತು ಹೇಳೋಕೆ ಇವರಿಗೇನು ಗಂಟಲು ಕಟ್ಟುತ್ತಾ?" ಎಂದು ಹೇಳಿಕೆ ನೀಡಿದ್ದಾರೆ. ಹೇಳಿಕೆಯ ಮೊದಲ ಭಾಗವನ್ನು ಮಾತ್ರ ದಾಖಲಿಸಿಕೊಳ್ಳಲಾಗಿದೆ. ಅಧಿಕಾರಿಯವರನ್ನು ತಕ್ಷಣದಿಂದ ಅಮಾನತಿನಲ್ಲಿಡಲಾಗಿದೆ. ಅಮಾನತಿನ ಅವಧಿಯಲ್ಲಿ ವಿಚಾರಣೆಯನ್ನು ಅವರೇ ನಡೆಸುವುದರಿಂದ ಎಂದಿನಂತೆ ಕಚೇರಿಗೆ ಬರತಕ್ಕದ್ದು, ಎಂದಿನ ಕುರ್ಚಿಯಲ್ಲೇ ಕೂರತಕ್ಕದ್ದು.

17. ಚಾಲಕರ ಬಗ್ಗೆ. ವಜಾ ಆದೇಶವನ್ನು ಹಿಂದಕ್ಕೆ ಪಡೆಯಲಾಗಿದೆ. ಅವರು ನಿರಪರಾಧಿಯೆಂದು ಇದರಿಂದ ತಿಳಿಯತಕ್ಕದ್ದಲ್ಲ. ಅಪರಾಧಿಯ ಸ್ಥಾನ ಭರ್ತಿಯಾಗಿರುವುದರಿಂದ ಇನ್ನೊಬ್ಬರನ್ನು ನೇಮಿಸಲು ಬರುವುದಿಲ್ಲ, ಅಷ್ಟೇ. ಅವರ ಮನಸ್ಸಿಗೆ ಆಗಿರುವ ನೋವಿಗೆ ವಿಷಾದ ವ್ಯಕ್ತಪಡಿಸಬೇಕೆಂದು ಅವರ ಹೆಂಡತಿಯವರು ಕೋರಿದ್ದಾರೆ. ವಿಷಾದವನ್ನು ಪರಿಶೀಲಿಸಲಾಗುತ್ತಿದೆ. ಬೀರುವಿನ ಮೇಲೆ ಬರೆದಿರುವುದನ್ನು ಅಳಿಸಲು ಚಾಲಕರಿಗೆ ಅನುಮತಿ ನೀಡಲಾಗಿದೆ. ಬಟ್ಟೆಯನ್ನು ಅವರೇ ತರತಕ್ಕದ್ದು.

ಈ ಸುತ್ತೋಲೆಯನ್ನು ಓದಿದವರು ಓದಿದ್ದೇವೆಂದು ಯಾರಿಗೂ ಹೇಳತಕ್ಕದ್ದಲ್ಲ.

(ಸಹಿ)
ಉಪನಿರ್ದೇಶಕರು (ಅಮಾನತಿನಲ್ಲಿ)
ಹಾಗೂ ವಿಚಾರಣಾಧಿಕಾರಿ
ಹಾಗೂ ಆರೋಪಿ
ವಾಹನ ಮತ್ತು ದ್ರವಪದಾರ್ಥ ನಿಯಂತ್ರಣ ಶಾಖೆ

ಪ್ರತಿಗಳು:

1. ನಿರ್ದೇಶಕರಿಗೆ, ಕೇಂದ್ರ ಕಚೇರಿ, ಗುಡ್ಡದಾಚೆ. ಗುಡ್ಡ ಹತ್ತುವ ಗಾಡಿ ಇಲ್ಲದ ಕಾರಣ ಈ ಪ್ರತಿ ತಲುಪುವುದಿಲ್ಲವೆಂಬ ಮಾಹಿತಿಗಾಗಿ.

2. ಗ್ಯಾರೇಜಿನ ಮೇಸ್ತ್ರಿಗಳಿಗೆ. ಚೆನ್ನಾಗಿದ್ದ ಹಳೆಯ ರೇಡಿಯೇಟರ್, ಪಂಪ್, ಥರ್ಮೋಸ್ಟಾಟುಗಳನ್ನು ಹಿಂದಿರುಗಿಸಲು. ಹಾರ್ನನ್ನು ಇಟ್ಟುಕೊಳ್ಳಬಹುದು.

3. ಕಚೇರಿಯ ಸೂಚನಾ ಫಲಕಕ್ಕೆ. ಗಾಜಿನ ಬೀಗದ ಕೈ ಕಳೆದಿರುವುದರಿಂದ ಫಲಕದ ಹಿಂಬದಿಗೆ ಅಂಟಿಸಲು.

4. ಆರೋಪಿಗೆ, ಕೈಯಿಂದ ಕೈಗೆ. ತಲುಪಿದೆ.

5. ಏಳನೇ ನಂಬರಿನ ಗಾಡಿಯ ಚಾಲಕರಿಗೆ. ನಾಳೆ ಬೆಳಗ್ಗೆ ತಪ್ಪದೆ ಕೆಲಸಕ್ಕೆ ಹಾಜರಾಗತಕ್ಕದ್ದು. ಏಳನೆಯದರ ಬದಲಿಗೆ ಕೊಟ್ಟಿರುವ ನಾಲ್ಕನೇ ನಂಬರಿನ ಗಾಡಿಯ ಡಬ್ಬಿಯಲ್ಲೂ ಇಂದು ಸಂಜೆ ನೀರು ಇಳಿದಿರುವುದು ಕಂಡುಬಂದಿದೆ. ಬರುವಾಗ ಮನೆಯಿಂದ ಒಂದು ಕ್ಯಾನ್ ನೀರು ತರತಕ್ಕದ್ದು.